ಗೋಡೆಯ ಕಳೆ: ಐವಿ ಬಳ್ಳಿಯ ಜೊತೆ ಇನ್ನೂರು ಚಿಲ್ಲರೆ ವರ್ಷದ ಜಗಳ



ಈ ಸಲದ ಇತಿಹಾಸದ ಮಾತಿನಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಬ್ರಿಟನ್ನಿನಲ್ಲಿರುವ ನೀವು ದಿನಾ ನೋಡಿಯೂ ನೋಡದ ಹಾಗೆ ದಾಟಿ ಹೋಗುವ ಒಂದು ಬಳ್ಳಿ ಇದೆ. ಶಾಲೆಯ ಕಾಂಪೌಂಡಿನ ಮೇಲೆ, ಚರ್ಚಿನ ಗೋಪುರದ ಮೇಲೆ, ಪಕ್ಕದ ಮನೆಯವರ ಬೇಲಿ ದಾಟಿ ನಿಮ್ಮ ಗೋಡೆಯ ಮೇಲೆ ಹಬ್ಬುವ ಕಡುಹಸಿರು ಎಲೆಯ ಐವಿ. ಇದು ಕರ್ನಾಟಕದ ಬಳ್ಳಿಯಲ್ಲ, ಹಾಗಾಗಿ ನಾನೂ ಐವಿ ಅಂತಲೇ ಕರೆಯುತ್ತೇನೆ.

ಆದರೆ ಇದಕ್ಕೆ ಹೇಳಿ ಮಾಡಿಸಿದಂಥ ಪದವೊಂದು ಕನ್ನಡದಲ್ಲಿ ಇದೆ: ಕಳೆ. ಮದುವೆ ಹೆಣ್ಣಿನ ಮುಖದಲ್ಲಿ ಇರುವುದೂ ಕಳೆ, ಹೊಲದಲ್ಲಿ ಪೈರಿನ ನಡುವೆ ಬೆಳೆಯುವುದೂ ಕಳೆ. ಒಂದು ಅಂದ, ಇನ್ನೊಂದು ಕಿತ್ತು ಎಸೆಯಬೇಕಾದದ್ದು. ಐವಿ ಇವೆರಡರಲ್ಲಿ ಯಾವ ಕಳೆ ಎಂಬುದರ ಬಗ್ಗೆ ಈ ದೇಶ ಇನ್ನೂರು ಚಿಲ್ಲರೆ ವರ್ಷದಿಂದ ಜಗಳವಾಡುತ್ತಿದೆ. ಮೊದಲು ಮುದ್ದು ಮಾಡಿತು, ಆಮೇಲೆ ಕಿತ್ತು ಹಾಕಿತು, ಕೊನೆಗೆ ಒಮ್ಮೆ ಅಳೆದು ನೋಡಿತು. ಈ ಕತೆ ನನಗೆ ಗೊತ್ತಾದದ್ದು ತಡವಾಗಿ, ಕೈಸುಟ್ಟುಕೊಂಡ ಮೇಲೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾವು ಡರ್ಬಿ ಕಡೆ ಮನೆ ಕೊಂಡು ಹನ್ನೆರಡು ವರ್ಷವಾಯಿತು. ವಿಕ್ಟೋರಿಯಾ ರಾಣಿಯ ಕಾಲದ ಕೊನೆಯಲ್ಲಿ ಕಟ್ಟಿದ ಸಾಲುಮನೆಗಳಲ್ಲಿ ತುದಿಯ ಮನೆ. ಬದಿಯ ಗೋಡೆಗೆ ತಳದಿಂದ ಸೂರಿನವರೆಗೆ ಐವಿ ಕಂಬಳಿ ಹೊದಿಸಿದ ಹಾಗೆ ಬೆಳೆದಿತ್ತು. ಮಾರಾಟದ ಜಾಹೀರಾತಿನ ಫೋಟೋದಲ್ಲಿ ಅದೇ ಚೆಂದ ಕಂಡಿತ್ತು. ಮರುವರ್ಷ ಬೇಸಿಗೆಯಲ್ಲಿ ತರೀಕೆರೆಯಿಂದ ಅಪ್ಪ ಬಂದರು. ಟ್ಯಾಕ್ಸಿ ಇಳಿದವರು ಒಳಗೆ ಬರಲಿಲ್ಲ. ರಸ್ತೆಯಲ್ಲೇ ನಿಂತು ಗೋಡೆ ನೋಡಿದರು. "ಏನಪ್ಪಾ ಇದು, ಹಾಳುಮನೆ ಕೊಂಡಿದ್ದೀಯಾ?" ಅಂದರು.

ಅಪ್ಪನ ಮಾತಿಗೆ ಕಾರಣವಿತ್ತು. ನಮ್ಮ ಊರಿನಲ್ಲಿ ಗೋಡೆಯ ಮೇಲೆ ಗಿಡ ಬೆಳೆದಿದೆ ಎಂದರೆ ಆ ಮನೆಯಲ್ಲಿ ದೀಪ ಹಚ್ಚುವವರು ಇಲ್ಲ ಎಂದೇ ಅರ್ಥ. ನಮ್ಮ ಹಿಂದಿನ ಬೀದಿಯಲ್ಲಿ ಅಂಥದ್ದೊಂದು ಮನೆ ಇತ್ತು. ಹಕ್ಕಿಗಳು ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆ, ಗೋಡೆಯ ಸಂದಿನಲ್ಲಿ ಒಂದು ಅಶ್ವತ್ಥದ ಸಸಿ ಹುಟ್ಟಿತ್ತು. ಅಶ್ವತ್ಥ ದೇವರ ಮರ, ಅದನ್ನು ಕೀಳಲು ಯಾರಿಗೂ ಕೈ ಬರಲಿಲ್ಲ. ಅಪ್ಪ ಹುಡುಗನಾಗಿದ್ದಾಗ ಗೇಣುದ್ದ ಇದ್ದ ಸಸಿ, ಅವರ ಮದುವೆಯ ಹೊತ್ತಿಗೆ ಗೋಡೆಯನ್ನು ಎರಡು ಹೋಳು ಮಾಡಿತ್ತಂತೆ. ಅವರ ಕಣ್ಣಿಗೆ ನಮ್ಮ ಐವಿಯೂ ಅದೇ.

ಆ ಶನಿವಾರ ಇಬ್ಬರೂ ಏಣಿ ಹಾಕಿ ನಿಂತೆವು. ಹಸಿ ಬಳ್ಳಿಯನ್ನು ಹಿಡಿದು ಜಗ್ಗಿದ್ದೇ ಜಗ್ಗಿದ್ದು. ಸಂಜೆಗೆ ಗೋಡೆ ಬೋಳಾಯಿತು. ಬಳ್ಳಿಯ ಜೊತೆ ಇಟ್ಟಿಗೆಯ ನಡುವಿನ ಗಾರೆಯೂ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಕಿತ್ತು ಬಂದಿತ್ತು, ಕೆಲವು ಇಟ್ಟಿಗೆಗಳ ಮುಖವೇ ಎದ್ದು ಬಂದಿತ್ತು. ಚಳಿಗಾಲದ ಮಳೆ ಶುರುವಾದ ಮೇಲೆ ಮಗಳ ಕೋಣೆಯ ಒಳಗೋಡೆಯಲ್ಲಿ ತೇವ ಮೂಡಿತು, ಆಮೇಲೆ ಕಪ್ಪು ಬೂಸ್ಟು. ಅವಳಿಗೆ ರಾತ್ರಿಯೆಲ್ಲ ಕೆಮ್ಮು. ರಿಪೇರಿಗೆ ಬಂದ ಗಾರೆಯವನು ಗೋಡೆಯ ಮೇಲೆ ಕೈಯಾಡಿಸಿ ಒಂದೇ ಮಾತು ಕೇಳಿದ: "ಇದನ್ನು ಹಸಿಯಾಗಿದ್ದಾಗಲೇ ಕಿತ್ತಿರಾ?" ಬಳ್ಳಿ ಮಾಡದೆ ಬಿಟ್ಟಿದ್ದ ಹಾನಿಯನ್ನು ನಾವು ಒಂದೇ ದಿನದಲ್ಲಿ ಮಾಡಿದ್ದೆವು. ಊರಿಗೆ ಮರಳಿದ್ದ ಅಪ್ಪನಿಗೆ ಇದು ಗೊತ್ತಾಗಿ, ಪಿಂಚಣಿ ದುಡ್ಡಿನಲ್ಲಿ ರಿಪೇರಿ ಖರ್ಚು ಕಳಿಸುತ್ತೇನೆ ಎಂದು ಹಟ ಹಿಡಿದರು. ನಾನು ಬೇಡವೆಂದೆ. ಅಂದಿನಿಂದ ಪ್ರತಿ ವಾರ ಫೋನಿನಲ್ಲಿ ಮೊದಲ ಪ್ರಶ್ನೆ ಒಂದೇ: "ಗೋಡೆ ಹೇಗಿದೆ?"

ಹಾಗಾದರೆ ಅಶ್ವತ್ಥಕ್ಕೂ ಐವಿಗೂ ಏನು ವ್ಯತ್ಯಾಸ? ಅಶ್ವತ್ಥದ ಬೇರು ಊಟ ಹುಡುಕುವ ಬೇರು. ಗೋಡೆಯ ಬಿರುಕಿನೊಳಗೆ ಇಳಿದು, ನೀರು ಹೀರಿ, ದಪ್ಪವಾಗಿ, ಕಲ್ಲನ್ನೇ ಸರಿಸುತ್ತದೆ. ಐವಿಗೆ ಊಟ ಕೊಡುವ ಬೇರು ನೆಲದಲ್ಲಿರುತ್ತದೆ. ಕಾಂಡದ ಬದಿಯಲ್ಲಿ ಹುಟ್ಟುವ ಕುಚ್ಚುಬೇರುಗಳು ಹಿಡಿದುಕೊಳ್ಳುವುದಕ್ಕೆ ಮಾತ್ರ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹಬ್ಬುವ ಗಿಡಗಳ ಬಗ್ಗೆ ಉದ್ದದ ಪ್ರಬಂಧವೊಂದನ್ನು ಪ್ರಕಟಿಸಿದ. ಸುತ್ತಿಕೊಂಡು ಏರುವವು, ಕುಡಿಬಳ್ಳಿಯಿಂದ ಹಿಡಿಯುವವು, ಕೊಕ್ಕೆ ಹಾಕುವವು, ಬೇರಿನಿಂದ ಅಂಟುವವು ಎಂದು ವಿಂಗಡಿಸಿದ. ಐವಿ ಕೊನೆಯ ಗುಂಪಿನದು.

ಅದು ಅಂಟುವ ಬಗೆಯಂತೂ ಸೋಜಿಗ. ಕುಚ್ಚುಬೇರಿನ ಮೇಲಿನ ಸಣ್ಣ ರೋಮಗಳು ಗೋಡೆಯ ಕಣ್ಣಿಗೆ ಕಾಣದ ಗುಳಿಗಳಿಗೆ ಸೇರಿಕೊಳ್ಳುತ್ತವೆ, ಅಂಟುದ್ರವ ಸುರಿಸುತ್ತವೆ, ಆಮೇಲೆ ಒಣಗಿ ಸುರುಳಿಯಾಗಿ ಒಳಗೇ ಬೀಗ ಹಾಕಿಕೊಳ್ಳುತ್ತವೆ. ಆ ಅಂಟಿನಲ್ಲಿ ನ್ಯಾನೋ ಗಾತ್ರದ ಕಣಗಳಿವೆ ಎಂದು 2008ರಲ್ಲಿ ಅಮೆರಿಕದ ಟೆನೆಸ್ಸಿಯ ಸಂಶೋಧಕರು ತೋರಿಸಿದರು. ಇಷ್ಟು ಬಿಗಿಯಾಗಿ ಅಂಟಿದ್ದನ್ನು ಜಗ್ಗಿದರೆ ಎರಡರಲ್ಲಿ ಯಾವುದು ಬಡವೋ ಅದು ಕಿತ್ತು ಬರುತ್ತದೆ. ನಮ್ಮ ಮನೆಯಲ್ಲಿ ಬಡವಾಗಿದ್ದದ್ದು ನೂರು ವರ್ಷದ ಹಳೆಯ ಸುಣ್ಣದ ಗಾರೆ.

ಹಾಗೆಂದು ಭಾರತಕ್ಕೆ ಐವಿ ತೀರಾ ಅಪರಿಚಿತವಲ್ಲ. ಹಿಮಾಲಯದಲ್ಲಿ ಅದರ ದಾಯಾದಿ ಜಾತಿಯೊಂದು ಬೆಳೆಯುತ್ತದೆ. ಅಲೆಗ್ಸಾಂಡರನ ದಂಡಯಾತ್ರೆಯ ಕತೆ ಬರೆದ ಏರಿಯನ್ ಒಂದು ಪ್ರಸಂಗ ಹೇಳುತ್ತಾನೆ. ಸಿಂಧೂ ನದಿಯ ಪಶ್ಚಿಮಕ್ಕಿದ್ದ ನೈಸಾ ಎಂಬ ಊರಿನ ಬೆಟ್ಟದಲ್ಲಿ ಸೈನಿಕರು ಐವಿಯನ್ನು ಕಂಡರಂತೆ. ಐವಿ ಗ್ರೀಕರ ದೇವರು ಡಯೋನೈಸಸ್‌ನ ಬಳ್ಳಿ. ಬಹುಕಾಲ ಮನೆ ಬಿಟ್ಟಿದ್ದ ಆ ಹುಡುಗರು ತಮ್ಮೂರಿನ ಎಲೆ ಕಂಡು ಖುಷಿಯಿಂದ ಅದರ ಮಾಲೆ ಮಾಡಿ ತಲೆಗೆ ಸುತ್ತಿಕೊಂಡರಂತೆ. ಪರದೇಶದಲ್ಲಿ ಕರಿಬೇವಿನ ಗಿಡ ಕಂಡಾಗ ನಿಮ್ಮ ಅಮ್ಮನ ಮುಖ ಅರಳುವುದನ್ನು ನೆನಪಿಸಿಕೊಳ್ಳಿ. ಅದೇ ಖುಷಿ.

ಈಗ ಬ್ರಿಟನ್ನಿನ ಜಗಳಕ್ಕೆ ಬರೋಣ. ಅದನ್ನು ನೋಡಲು ಒಳ್ಳೆಯ ಜಾಗ ವೇಲ್ಸಿನ ವೈ ನದಿಯ ದಂಡೆಯಲ್ಲಿರುವ ಟಿಂಟರ್ನ್ ಮಠ. 1131ರಲ್ಲಿ ಕ್ರೈಸ್ತ ಸನ್ಯಾಸಿಗಳು ಸ್ಥಾಪಿಸಿದ ಮಠ ಇದು. 1536ರಲ್ಲಿ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇದೂ ಮುಚ್ಚಿತು. ಚಾವಣಿಯ ಸೀಸವನ್ನು ಬಿಚ್ಚಿ ಒಯ್ದರು. ಸೂರು ಹೋದ ಕಟ್ಟಡಕ್ಕೆ ಮಳೆ ಇಳಿಯಿತು, ಐವಿ ಏರಿತು. ಹತ್ತಿರ ಹತ್ತಿರ ಇನ್ನೂರೈವತ್ತು ವರ್ಷ ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ.

1770ರಲ್ಲಿ ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ಮೇಷ್ಟ್ರು ದೋಣಿಯಲ್ಲಿ ವೈ ನದಿಯ ಉದ್ದಕ್ಕೂ ಬಂದು ಇದನ್ನು ನೋಡಿದ. 1782ರಲ್ಲಿ ಅವನ ಪುಸ್ತಕ ಹೊರಬಂತು. ಚಿತ್ರದ ಹಾಗೆ ಕಾಣುವುದೇ ಒಂದು ನೋಟದ ದೊಡ್ಡ ಗುಣ ಎಂಬುದು ಅವನ ವಾದ. ಐವಿ ಹೊದ್ದ ಕಲ್ಲು ಅವನಿಗೆ ಬಲು ಇಷ್ಟವಾಯಿತು. ಇಷ್ಟವಾಗದಿದ್ದದ್ದು ನೆಟ್ಟಗೆ ಉಳಿದಿದ್ದ ಗೋಡೆಯ ತುದಿಗಳು. ಜಾಣತನದಿಂದ ಸುತ್ತಿಗೆ ಆಡಿಸಿದರೆ ಅವೂ ಅಂದವಾದಾವು, ಆದರೆ ಹಾಗೆ ಮಾಡುವ ಧೈರ್ಯ ಯಾರಿಗಿದೆ ಎಂಬರ್ಥದಲ್ಲಿ ಬರೆದ. ಹಾಳು ಸಾಲದು, ಇನ್ನಷ್ಟು ಚೆಂದವಾಗಿ ಹಾಳಾಗಬೇಕಿತ್ತು ಎಂಬ ಮನಸ್ಸು! ನಮ್ಮಪ್ಪ ಗಿಲ್ಪಿನ್ನನನ್ನು ಭೇಟಿಯಾಗಿದ್ದರೆ ಏನು ಹೇಳುತ್ತಿದ್ದರೋ.

ಗಿಲ್ಪಿನ್ನನ ಪುಸ್ತಕ ಹಿಡಿದು ಪ್ರವಾಸಿಗರು ಬಂದರು. ಇನ್ನೂ ಹದಿಹರೆಯದಲ್ಲಿದ್ದ ಚಿತ್ರಕಾರ ಟರ್ನರ್ 1792ರಲ್ಲಿ ಬಂದ. ಅವನ ಜಲವರ್ಣ ಚಿತ್ರಗಳಲ್ಲಿ ಕಮಾನುಗಳಿಂದ ಬಳ್ಳಿ ಜೋತಾಡುತ್ತದೆ. 1798ರಲ್ಲಿ ವರ್ಡ್ಸ್‌ವರ್ತ್ ಬರೆದ ಕವಿತೆ ಶೀರ್ಷಿಕೆಯಿಂದಲೇ ಟಿಂಟರ್ನ್ ಹೆಸರನ್ನು ಜಗತ್ತಿಗೆ ಮುಟ್ಟಿಸಿತು. ತಮಾಷೆ ಎಂದರೆ ಕವಿತೆಯ ಒಳಗೆ ಮಠದ ಮಾತೇ ಇಲ್ಲ. 1836ರಲ್ಲಿ ಕಂತುಗಳಲ್ಲಿ ಬರತೊಡಗಿದ ಡಿಕನ್ಸನ ಪಿಕ್‌ವಿಕ್ ಕಾದಂಬರಿಯಲ್ಲಿ ಐವಿಯ ಮೇಲೇ ಒಂದು ಪದ್ಯವಿದೆ. 1872ರಲ್ಲಿ ಶರ್ಲಿ ಹಿಬರ್ಡ್ ಎಂಬ ತೋಟಗಾರಿಕೆಯ ಲೇಖಕ ಐವಿಯೊಂದರ ಮೇಲೇ ಇಡೀ ಪುಸ್ತಕ ಬರೆದ. ವಿಕ್ಟೋರಿಯಾ ಕಾಲದವರು ಅದನ್ನು ಮನೆಯೊಳಗೆ ಕುಂಡದಲ್ಲೂ ಬೆಳೆಸಿದರು. ಹೊಸ ಮನೆಗೂ ಹಳೆ ಮನೆತನದ ಕಳೆ ಬರಬೇಕಾದರೆ ಗೋಡೆಗೆ ಐವಿ ಹಬ್ಬಿಸಿದರೆ ಆಯಿತು! ನಮ್ಮ ಡರ್ಬಿ ಮನೆಯ ಬಳ್ಳಿಯೂ ಆ ರುಚಿಯ ಮರಿಮಗಳೇ ಇರಬೇಕು.

ಆಮೇಲೆ ಗಾಳಿ ತಿರುಗಿತು. 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. 1882ರಲ್ಲಿ ಪ್ರಾಚೀನ ಸ್ಮಾರಕಗಳ ಮೊದಲ ಕಾನೂನು ಬಂತು, 1913ರಲ್ಲಿ ಇನ್ನೂ ಗಟ್ಟಿಯಾದದ್ದು. ಟಿಂಟರ್ನ್ ಮಠವನ್ನು 1901ರಲ್ಲಿ ಸರ್ಕಾರ ಬ್ಯೂಫರ್ಟ್ ಡ್ಯೂಕನಿಂದ ಕೊಂಡುಕೊಂಡಿತು. 1914ರಲ್ಲಿ ಅದು ಸರ್ಕಾರಿ ಕಾಮಗಾರಿ ಇಲಾಖೆಯ ಕೈಗೆ ಬಂತು. ಕವಿಗಳೂ ಚಿತ್ರಕಾರರೂ ಕೊಂಡಾಡಿದ ಐವಿಯನ್ನು ಇಂಜಿನಿಯರುಗಳು ಬೋಳಿಸಿ ತೆಗೆದರು. ಗೋಡೆಗಳಿಗೆ ಊರೆ ಕೊಟ್ಟು, ಸಂದು ತುಂಬಿ, ಸುತ್ತ ಹುಲ್ಲುಹಾಸು ಮಾಡಿದರು. ಇವತ್ತು ನೀವು ಶಾಲೆಯ ಪ್ರವಾಸದಲ್ಲಿ ನೋಡುವ ಮಠಗಳೆಲ್ಲ ಹೀಗೆ ಚೊಕ್ಕಟವಾಗಿ ಬೋಳಾಗಿ ನಿಂತಿರುವುದು ಆ ಕಾಲದ ಕೆಲಸದಿಂದ.

ಅವರು ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಸೂರಿಲ್ಲದ ಗೋಡೆಯ ನೆತ್ತಿ ತೆರೆದಿರುತ್ತದೆ. ಮಳೆನೀರು ಒಳಗಿಳಿದು ಗಾರೆಯನ್ನು ಪುಡಿ ಮಾಡುತ್ತದೆ. ಅಂಥ ಪೊಳ್ಳು ಗೋಡೆಯ ಒಳಗೆ ಮಣ್ಣೂ ನೀರೂ ಸಿಕ್ಕಿದರೆ ಐವಿಯೂ ನಿಜವಾದ ಬೇರು ಬಿಟ್ಟು ಅಶ್ವತ್ಥದ ಕೆಲಸವನ್ನೇ ಮಾಡುತ್ತದೆ. ಆಗ ನೆಲದಲ್ಲಿ ಬುಡ ಕತ್ತರಿಸಿದರೂ ಬಳ್ಳಿ ಸಾಯದೆ ಇರಬಹುದು. ಕಲ್ಲು ಬಿದ್ದು ಜನರ ತಲೆ ಒಡೆಯಬಾರದಲ್ಲ! ಹಂಪಿಯನ್ನು 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಫೋಟೋಗಳಲ್ಲಿ ನೋಡಿದರೆ ಅಲ್ಲೂ ಗುಡಿಗಳ ಮೇಲೆ ಗಿಡಗಂಟಿ ಕಾಣುತ್ತದೆ. ಈಗಿನ ಹಂಪಿಗೆ ಹೋದವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ತೊಂದರೆ ಬೇರೆ ಕಡೆ ಆಯಿತು. ಸೂರಿಲ್ಲದ ಪಾಳುಗೋಡೆಗೆ ಸರಿಯಾದ ಮಾತು, ಜನ ವಾಸವಿರುವ ಗಟ್ಟಿ ಮನೆಗೂ ನಿಯಮವಾಗಿಬಿಟ್ಟಿತು. ಐವಿ ಕಂಡರೆ ಕೀಳು. ಮೊದಲಿನವರು ಕಣ್ಣಿಗೆ ಚೆಂದವೆಂದು ಬೆಳೆಸಿದರು, ಆಮೇಲಿನವರು ಹಾಳು ಮಾಡುತ್ತದೆಂದು ಕಿತ್ತರು. ಐವಿ ಹೊದ್ದ ಗೋಡೆಗೆ ದಿನದಿನವೂ ಏನಾಗುತ್ತದೆ ಎಂದು ಉಪಕರಣ ಇಟ್ಟು ಕೂತು ನೋಡಿದ್ದು ಮಾತ್ರ ಬಹಳ ತಡವಾಗಿ.

ನೋಡಿದವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆದರ್ ವೈಲ್ಸ್ ಮತ್ತು ಅವರ ಜೊತೆಯವರು, ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ. ಇಂಗ್ಲೆಂಡಿನ ಐದು ಕಡೆ ಹಳೆಯ ಗೋಡೆಗಳಲ್ಲಿ ಐವಿ ಇರುವ ಭಾಗಕ್ಕೂ ಇಲ್ಲದ ಭಾಗಕ್ಕೂ ಉಷ್ಣತೆ ಮತ್ತು ತೇವ ಅಳೆಯುವ ಪುಟ್ಟ ಉಪಕರಣಗಳನ್ನು ಕೂರಿಸಿದರು. ಪರೀಕ್ಷೆಗೆಂದೇ ಒಂದು ಗೋಡೆ ಕಟ್ಟಿ ಅದರ ಮೇಲೂ ಐವಿ ಹಬ್ಬಿಸಿದರು. 2010ರಲ್ಲಿ ವರದಿ ಬಂತು. ಬೋಳು ಗೋಡೆಯ ಮೇಲೆ ದಿನದ ಗರಿಷ್ಠ ಉಷ್ಣತೆ ಸರಾಸರಿ 36% ಹೆಚ್ಚು, ಕನಿಷ್ಠ ಉಷ್ಣತೆ 15% ಕಡಿಮೆ. ಅಂದರೆ ಐವಿ ಹೊದ್ದ ಗೋಡೆ ಹಗಲು ಅಷ್ಟು ಕಾಯುವುದಿಲ್ಲ, ರಾತ್ರಿ ಅಷ್ಟು ತಣ್ಣಗಾಗುವುದಿಲ್ಲ.

ಇದು ಯಾಕೆ ಮುಖ್ಯ? ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಇಟ್ಟಿಗೆಯ ಒಳಗೆ ಸೇರಿದ ನೀರು ಚಳಿಗಾಲದ ರಾತ್ರಿಗಳಲ್ಲಿ ಹೆಪ್ಪುಗಟ್ಟುತ್ತ ಕರಗುತ್ತ ಇದ್ದರೆ ಇಟ್ಟಿಗೆಯ ಮುಖ ಚಕ್ಕೆ ಏಳುತ್ತದೆ. ಐವಿ ಆ ಏರಿಳಿತವನ್ನು ತಗ್ಗಿಸುತ್ತದೆ, ಎಲೆಗಳು ಮಳೆಯ ಹೊಡೆತವನ್ನೂ ತಡೆಯುತ್ತವೆ. ರಸ್ತೆಯ ಪಕ್ಕದ ಗೋಡೆಗಳಲ್ಲಿ ವಾಹನದ ಹೊಗೆಯ ಸಣ್ಣ ಕಣಗಳನ್ನು ಎಲೆಗಳೇ ಹಿಡಿದುಕೊಳ್ಳುತ್ತವೆ ಎಂಬುದನ್ನೂ ಅವರು ಕಂಡರು. ಆದರೆ ಈ ಒಳ್ಳೆಯ ಮಾತಿಗೆ ಒಂದು ಷರತ್ತಿದೆ: ಗೋಡೆ ಗಟ್ಟಿಯಾಗಿರಬೇಕು. ಬಿರುಕು, ತೂತು, ಉದುರುವ ಗಾರೆ ಇದ್ದಲ್ಲಿ ಬಳ್ಳಿ ಒಳನುಗ್ಗುತ್ತದೆ. ಹಾಗಾಗಿ ಐವಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಅರ್ಧದ್ದು. ಯಾವ ಗೋಡೆ ಎಂದು ಕೇಳದೆ ಅದಕ್ಕೆ ಉತ್ತರವಿಲ್ಲ.

ಯಾವ ಊರು ಎಂದೂ ಕೇಳಬೇಕು. ಅಮೆರಿಕದಲ್ಲಿ ಕೇಳುತ್ತಿರುವ ಗೆಳೆಯರಿಗೆ ಇದು. ನಿಮ್ಮಲ್ಲಿ ಐವಿ ಹೊರಗಿನಿಂದ ಬಂದದ್ದು, ಯುರೋಪಿನ ವಲಸಿಗರು ತಂದು ನೆಟ್ಟದ್ದು. ಪೆಸಿಫಿಕ್ ಕರಾವಳಿಯ ಕಾಡುಗಳಲ್ಲಿ ಅದು ನೆಲವನ್ನೆಲ್ಲ ಮುಚ್ಚಿ, ಮರ ಏರಿ, ಅಲ್ಲಿನ ಗಿಡಗಳಿಗೆ ಜಾಗವಿಲ್ಲದ ಹಾಗೆ ಮಾಡಿತು. ಪೋರ್ಟ್‌ಲ್ಯಾಂಡಿನ ಫಾರೆಸ್ಟ್ ಪಾರ್ಕಿನಲ್ಲಿ ಅದನ್ನು ಕೀಳಲು 1994ರಲ್ಲಿ ಸ್ವಯಂಸೇವಕರ ಗುಂಪೊಂದು ಶುರುವಾಯಿತು, ಹೆಸರು 'ನೋ ಐವಿ ಲೀಗ್'. 2010ರಲ್ಲಿ, ಇಲ್ಲಿ ಆಕ್ಸ್‌ಫರ್ಡಿನ ವರದಿ ಐವಿಯ ಪರವಾಗಿ ಮಾತಾಡಿದ ಅದೇ ವರ್ಷ, ಆರೆಗಾನ್ ರಾಜ್ಯ ಅದರ ಮಾರಾಟವನ್ನೇ ನಿಷೇಧಿಸಿತು. ಎರಡೂ ಸರಿ. ಇನ್ನು, ಅಮೆರಿಕದ ಕ್ಯಾಂಪಸ್‌ಗಳಲ್ಲಿ ಶರತ್ಕಾಲಕ್ಕೆ ಕೆಂಪಾಗಿ ಎಲೆ ಉದುರಿಸುವ 'ಬಾಸ್ಟನ್ ಐವಿ' ಐವಿಯೇ ಅಲ್ಲ. ಅದು ಪೂರ್ವ ಏಷ್ಯಾದಿಂದ ಬಂದ, ದ್ರಾಕ್ಷಿ ಕುಟುಂಬದ ಬಳ್ಳಿ. ಅಪ್ಪ ಅಮ್ಮಂದಿರು ಕನಸು ಕಾಣುವ ಐವಿ ಲೀಗ್ ಕಾಲೇಜಿಗೆ ಹೋದವರು ಒಮ್ಮೆ ಗೋಡೆಯ ಎಲೆ ನೋಡಿ ಬನ್ನಿ.

ಈಗ ನಿಮ್ಮ ಮನೆಯ ಗೋಡೆ. ಮೊದಲು ಬಳ್ಳಿ ಸರಿಸಿ ಗೋಡೆ ನೋಡಿ. 1919ಕ್ಕಿಂತ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಸುಣ್ಣದ ಗಾರೆ ಇರುತ್ತದೆ. ಕೀಲಿಕೈಯಿಂದ ಕೆರೆದರೆ ಪುಡಿ ಉದುರುವ ಹಾಗಿದ್ದರೆ ಆ ಗೋಡೆಗೆ ಐವಿ ಬೇಡ. ಗಟ್ಟಿಯಾಗಿದ್ದರೆ ಇಟ್ಟುಕೊಳ್ಳಬಹುದು, ಆದರೆ ಸಾಕಿದ ಹಾಗೆ ಇಟ್ಟುಕೊಳ್ಳಬೇಕು. ವರ್ಷಕ್ಕೆ ಒಮ್ಮೆಯಾದರೂ ಕತ್ತರಿಸಿ, ಸೂರು, ಹೆಂಚು, ಗಟರ್, ಕಿಟಕಿಗಳಿಂದ ಚೆನ್ನಾಗಿ ದೂರ ಇಡಬೇಕು. ಗಟರಿಗೆ ಬಳ್ಳಿ ಸೇರಿದರೆ ನೀರು ಕಟ್ಟಿಕೊಂಡು ಗೋಡೆಗೇ ಇಳಿಯುತ್ತದೆ.

ತೆಗೆಯಲೇಬೇಕಾದರೆ ನಮ್ಮ ಹಾಗೆ ಜಗ್ಗಬೇಡಿ. ನೆಲದ ಹತ್ತಿರ ಕಾಂಡದ ಒಂದು ತುಂಡನ್ನೇ ಕತ್ತರಿಸಿ ತೆಗೆಯಿರಿ, ಮೇಲಿನದು ಕೆಳಗಿನದಕ್ಕೆ ಮುಟ್ಟದಿರಲಿ. ಮತ್ತೆ ಕಾಯಿರಿ. ಎಲೆ ಕಂದಾಗಿ, ಬಳ್ಳಿ ಒಣಗಿ, ಹಿಡಿತ ಸಡಿಲವಾಗಲು ತಿಂಗಳುಗಳು ಬೇಕು. ಆಮೇಲೆ ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ. ಕುಚ್ಚುಬೇರಿನ ಗುರುತು ಗೋಡೆಯಲ್ಲಿ ಉಳಿಯುತ್ತದೆ, ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ನೆಲದ ಬುಡವನ್ನು ಅಗೆದು ತೆಗೆಯದಿದ್ದರೆ ಮತ್ತೆ ಚಿಗುರುತ್ತದೆ. ಗಾರೆ ಉದುರಿದ್ದರೆ ಸುಣ್ಣದ ಗಾರೆಯನ್ನೇ ತುಂಬಿಸಿ. ಹಳೆಯ ಮೆತ್ತನೆ ಇಟ್ಟಿಗೆಗೆ ಸಿಮೆಂಟ್ ತುಂಬಿದರೆ ಗೋಡೆಯ ತೇವ ಹೊರಹೋಗಲು ದಾರಿಯಿಲ್ಲದೆ ಇಟ್ಟಿಗೆಯೇ ಕೆಡುತ್ತದೆ.

ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಐವಿಯ ರಸ ಕೆಲವರಿಗೆ ತುರಿಕೆ ತರಿಸುತ್ತದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಒಳಗೆ ಹಕ್ಕಿಗೂಡು ಇರಬಹುದು. ಮೊಟ್ಟೆ ಮರಿಗಳಿರುವ ಗೂಡನ್ನು ಗೊತ್ತಿದ್ದೂ ಕೆಡಿಸುವುದು 1981ರ ವನ್ಯಜೀವಿ ಕಾನೂನಿನ ಪ್ರಕಾರ ಇಲ್ಲಿ ಅಪರಾಧ. ಇನ್ನೊಂದು ಮಾತು: ವಯಸ್ಸಾದ ಐವಿ ಹೂ ಬಿಡುವುದು ಶರತ್ಕಾಲದಲ್ಲಿ, ಬೇರೆ ಹೂಗಳು ಮುಗಿದ ಹೊತ್ತಿನಲ್ಲಿ. ಆಗ ಜೇನುನೊಣಗಳಿಗೆ ಅದೇ ಊಟ, ಚಳಿಗಾಲದಲ್ಲಿ ಹಕ್ಕಿಗಳಿಗೆ ಅದರ ಕಪ್ಪು ಹಣ್ಣು. ಬೇಲಿಯ ಕಡೆ ಒಂದಿಷ್ಟು ಬಿಟ್ಟರೆ ನಷ್ಟವಿಲ್ಲ.

ನಮ್ಮಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ತರೀಕೆರೆಯ ಗೋಡೆಯಲ್ಲಿ, ಅಶ್ವತ್ಥದ ಸಸಿಯಿಂದ ಕಲಿತ ನಿಜ. ನಾನು ಅದನ್ನು ಡರ್ಬಿಯ ಗೋಡೆಗೆ ಹಾಗೆಯೇ ತಂದು ಹಚ್ಚಿದೆ. ಇಲ್ಲಿಯ ಗೋಡೆಯನ್ನು ನೋಡುವುದು ಇಲ್ಲಿ ಇದ್ದವನ ಕೆಲಸವಾಗಿತ್ತು, ಅಂದರೆ ನನ್ನದು. ಮನೆಯಲ್ಲಿ ದೊಡ್ಡವರು ಏನಾದರೂ ಹೇಳಿದಾಗ ನಿಮಗೂ ಹೀಗಾಗುತ್ತದೆ, ಒಂದೋ ಕಣ್ಣು ಮುಚ್ಚಿ ಒಪ್ಪುವುದು, ಇಲ್ಲವೇ ಹಳೇ ಕಾಲದ ಮಾತೆಂದು ತಳ್ಳುವುದು. ಯಾವ ಗೋಡೆಯ ಮೇಲೆ ಇದನ್ನು ಕಲಿತಿರಿ ಎಂದು ಒಮ್ಮೆ ಅವರನ್ನೇ ಕೇಳಿ ನೋಡಿ. ಒಳ್ಳೆಯ ಕತೆ ಸಿಗುತ್ತದೆ.

ಗೋಡೆಗೆ ಸುಣ್ಣದ ಗಾರೆ ತುಂಬಿಸಿದ ಮೇಲೆ ಮಗಳ ಕೋಣೆ ಒಣಗಿತು. ನಾವು ಅಗೆಯದೆ ಬಿಟ್ಟಿದ್ದ ಬುಡದಿಂದ ಐವಿ ಮತ್ತೆ ಚಿಗುರಿದೆ. ಈಗ ಅದಕ್ಕೆ ಸೊಂಟದೆತ್ತರದವರೆಗೆ ಮಾತ್ರ ಅನುಮತಿ. ಚಳಿಗಾಲಕ್ಕೆ ಮುಂಚೆ ಮಗಳು ಕತ್ತರಿ ಹಿಡಿದು ಇಳಿಯುತ್ತಾಳೆ, ಜೇನುನೊಣ ಬರುವ ಬೇಲಿಯ ಕಡೆಯದನ್ನು ಬಿಡುತ್ತಾಳೆ. ಎಂಬತ್ತೆರಡು ದಾಟಿದ ಅಪ್ಪ ವಿಡಿಯೋ ಕರೆಯಲ್ಲಿ ಈಗಲೂ ಕೇಳುತ್ತಾರೆ, "ಗೋಡೆ ಹೇಗಿದೆ?" ಅವಳು ಫೋನನ್ನು ಗೋಡೆಯ ಕಡೆ ತಿರುಗಿಸಿ ತೋರಿಸುತ್ತಾಳೆ. ಹೋದ ತಿಂಗಳು ಅವರು ಸ್ವಲ್ಪ ಹೊತ್ತು ನೋಡಿ, "ಪರವಾಗಿಲ್ಲ ಕಣಮ್ಮ, ಕಳೆಯಾಗಿದೆ" ಅಂದರು.

ಯಾವ ಕಳೆ ಅಜ್ಜಾ ಎಂದು ಅವಳು ಕೇಳಿದಳು. ಅಪ್ಪ ನಕ್ಕರು, ಉತ್ತರ ಹೇಳಲಿಲ್ಲ.

ಮುಂದಿನ ಮಾತಿನಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ನಿಮ್ಮ ಮನೆಯ ಗೋಡೆಯನ್ನು ಒಮ್ಮೆ ಹೊರಗಿನಿಂದ ಸುತ್ತಿ ನೋಡಿ ಬನ್ನಿ.